ಸೋಮವಾರ ಬೆಲೆಮ್‌ಗೆ ಹೋಗಬೇಡಿ

ಲಿಸ್ಬನ್ನಿನ ಗ್ರಾಸಾ ಗುಡ್ಡದ ಮೇಲೆ, ನಮ್ಮ ಬೀದಿಯಲ್ಲಿ, ಗೋಡೆಗೆಲ್ಲ ನೀಲಿ ಪಿಂಗಾಣಿ ಬಿಲ್ಲೆ ಹೊದಿಸಿದ ಒಂದು ಹಳೇ ಮನೆ ಇದೆ. ಅದರ ಬಾಗಿಲ ಪಕ್ಕದ ಕಿಟಕಿಯಲ್ಲಿ ಇದಲೀನಾಳ ತಲೆ ಕಂಡರೆ ಬೀದಿಗೆ ಬೆಳಗಾಯಿತು ಎಂದು ಲೆಕ್ಕ. ಹಿಂದೆ ಆ ಮನೆಯ ತುಂಬ ಸಂಸಾರಗಳಿದ್ದವು, ಆಕೆ ಅವರ ಬಾಗಿಲು ಕಾಯುತ್ತಿದ್ದಳು. ಸಂಸಾರಗಳು ಒಂದೊಂದಾಗಿ ಖಾಲಿ ಮಾಡಿಕೊಂಡು ಹೋದವು. ಈಗ ಎರಡು ಮೂರು ದಿನಕ್ಕೊಮ್ಮೆ ಬದಲಾಗುವ ಪ್ರವಾಸಿಗರು ಬರುತ್ತಾರೆ. ಅವರಿಗೆ ಬೀಗದ ಕೈ ಕೊಡುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಮೆಟ್ಟಿಲು ಒರೆಸುವುದು ಇದಲೀನಾಳ ಕೆಲಸ. ಊರು ನೋಡುವುದು ಹೇಗೆಂದು ಹೇಳಿಕೊಡು ಅಂತ ಮಾಲೀಕರು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅದು ಅವಳಿಗೆ ತಾನಾಗಿ ಅಂಟಿಕೊಂಡ ಚಟ.

ಬಂದವರು ಪೆಟ್ಟಿಗೆ ಕೆಳಗಿಡುವ ಮೊದಲೇ ಶುರುವಾಗುತ್ತಿತ್ತು.

"ನೋಡ್ರಪ್ಪಾ, ಟ್ರಾಮಲ್ಲಿ ಹತ್ತಿ, ಕಾಲಲ್ಲಿ ಇಳೀರಿ. ನಡ್ಕೊಂಡು ಹತ್ತಿದ್ರೆ ನಿಮ್ಮ ಮಂಡಿ ಹೋಗುತ್ತೆ, ಟ್ರಾಮಲ್ಲಿ ಇಳಿದ್ರೆ ಊರೇ ಕೈಬಿಟ್ಟು ಹೋಗುತ್ತೆ. ಈ ಶೂ ಬೇಡ, ಬೇರೆ ಇದ್ರೆ ಹಾಕ್ಕೊಳ್ಳಿ. ನಮ್ಮ ಬೀದಿ ಕಲ್ಲು ಒಂದು ಹನಿ ಮಳೆ ಬಿದ್ರೆ ಸಾಕು, ಸಾಬೂನು. ಹೋಟ್ಲಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್ ತಂದಿಡ್ತಾರೆ. ಕೇಳದೇ ಕೊಟ್ರು ಅಂತ ಪುಕ್ಕಟೆ ಅಂದ್ಕೋಬೇಡಿ. ಬೇಡ ಅಂದ್ರೆ ಎತ್ಕೊಂಡು ಹೋಗ್ತಾರೆ, ಯಾರಿಗೂ ಬೇಜಾರಿಲ್ಲ. ನದಿ ದಡದ ಬೆಲೆಮ್‌ನಲ್ಲಿ ಕೆನೆ ಕಡುಬು ತಿನ್ನೋಕೆ ಹೊರಗಡೆ ಸಾಲಲ್ಲಿ ನಿಂತು ಒಣಗಬೇಡಿ, ಒಳಗೆ ಹೋಗಿ ಕೂತ್ಕೊಳಿ, ಒಳಗೆ ಕೋಣೆ ಮೇಲೆ ಕೋಣೆ ಇದೆ. ಆಮೇಲೆ ಎಲ್ಲಕ್ಕಿಂತ ಮುಖ್ಯ, ಸೋಮವಾರ ಬೆಲೆಮ್‌ಗೆ ಹೋಗ್ಬೇಡಿ. ಅಲ್ಲಿನ ಹಳೇ ಪಾದ್ರಿಗಳ ಮಠಾನೂ ಮುಚ್ಚಿರುತ್ತೆ, ನದಿ ಗೋಪುರಾನೂ ಮುಚ್ಚಿರುತ್ತೆ. ಬಾಗಿಲು ನೋಡ್ಕೊಂಡು ವಾಪಸ್ ಬರ್ಬೇಕು."

ಇದನ್ನೆಲ್ಲ ಅವಳು ಅರ್ಧ ಫ್ರೆಂಚಿನಲ್ಲಿ, ಕಾಲುಭಾಗ ಇಂಗ್ಲಿಷಿನಲ್ಲಿ, ಉಳಿದದ್ದನ್ನು ಕೈಯಲ್ಲಿ ಹೇಳುತ್ತಿದ್ದಳು. ಅರ್ಥವಾಗದೆ ಹೋದವರು ಯಾರೂ ಇಲ್ಲ.

ಒಂದೇ ಒಂದು ತಾಪತ್ರಯವಿತ್ತು. ಎಷ್ಟು ದೂರ ಎಂದು ಅವಳನ್ನು ಮಾತ್ರ ಕೇಳಬಾರದು. ಇದಲೀನಾ ಹುಟ್ಟಿದ್ದು ಅಲೆಂತೇಜು ಬಯಲುಸೀಮೆಯಲ್ಲಿ. ಗೋಧಿ ಹೊಲ, ನಡುನಡುವೆ ಬಿರಡೆ ತೊಗಟೆಯ ಮರ, ಅದರಾಚೆ ಮತ್ತೆ ಗೋಧಿ ಹೊಲ. ಆ ಸೀಮೆಯವರು ಕಣ್ಣಿಗೆ ಕಂಡದ್ದಕ್ಕೆಲ್ಲ "ಅದೋ ಅಲ್ಲೇ" ಎನ್ನುತ್ತಾರೆ. ಅದೋ ಅಲ್ಲೇ ಎಂದ ಮನೆಗೆ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪಿದರೂ ತಲುಪಬಹುದು. ಅವಳ ಮಾತು ನಂಬಿ ಬೆಲೆಮ್ ಗೋಪುರಕ್ಕೆ ನಡೆದು ಹೋದ ಡೆನ್ಮಾರ್ಕಿನ ಮೇಷ್ಟ್ರೊಬ್ಬರು ಸಂಜೆ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಾ, "ದೋನಾ ಇದಲೀನಾ, ನಿಮ್ಮ 'ಅದೋ ಅಲ್ಲೇ'ಗೆ ನಮ್ಮ ದೇಶದಲ್ಲಿ ರೈಲು ಬಿಡ್ತಾರೆ" ಎಂದರಂತೆ. ಆ ಮಾತನ್ನು ಅವಳೇ ಹೊಟ್ಟೆ ಹಿಡಿದು ನಗುತ್ತಾ ಬೀದಿಗೆಲ್ಲ ಹಂಚಿದಳು.

ಅವಳ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಊರು ಬಿಡುವ ದಿನ ಅತಿಥಿಗಳು ಬೀಗದ ಕೈ ಚಾಚಿದರೆ ಅವಳು ತಟಕ್ಕನೆ ತೆಗೆದುಕೊಳ್ಳುತ್ತಿರಲಿಲ್ಲ. "ಏನೇನು ನೋಡಿದ್ರಿ? ಹೇಳಿ, ಆಮೇಲೆ ಕೊಡಿ." ಅವರು ಹೇಳಬೇಕು. ಮಠದ ಒಳಗಿನ ಕಂಬಗಳು ತಾಳೆಮರದ ಹಾಗೆ ಮೇಲೆ ಹೋಗಿ ಗರಿ ಬಿಚ್ಚಿವೆ ಎಂದು ಒಬ್ಬರು, ಕಲ್ಲಿನಲ್ಲಿ ಹಡಗಿನ ಹಗ್ಗ ಕೆತ್ತಿದ್ದಾರೆ, ಗಂಟು ಬಿಚ್ಚೋಣ ಅನ್ನಿಸುತ್ತೆ ಎಂದು ಇನ್ನೊಬ್ಬರು, ಗೋಪುರದ ತುದಿಯಲ್ಲಿ ಗಾಳಿಗೆ ನನ್ನ ಟೋಪಿ ಹೋಯಿತು ಎಂದು ಮತ್ತೊಬ್ಬರು. ಕೇಳಿದ್ದನ್ನೆಲ್ಲ ಅವಳು ಮುಂದೆ ಬರುವವರಿಗೆ ದಾಟಿಸುತ್ತಿದ್ದಳು, ಭಾನುವಾರ ಸಂಜೆ ಫೋನಿನಲ್ಲಿ ಹಳ್ಳಿಯ ಅಕ್ಕನಿಗೂ ಹೇಳುತ್ತಿದ್ದಳು. ನಮ್ಮೆದುರು ಅತಿಥಿಗಳ ವಿಷಯ ಬಂದರೆ ಅವಳ ಧ್ವನಿ ಮೆತ್ತಗಾಗುತ್ತಿತ್ತು. "ಪಾಪ, ನಂಗೋಸ್ಕರ ನೋಡ್ಕೊಂಡು ಬಂದು ಹೇಳ್ತಾರೆ. ಯಾವ ಜನ್ಮದ ಋಣವೋ" ಎನ್ನುತ್ತಿದ್ದಳು.

ಯಾಕೆಂದರೆ, ನಂಬಿದರೆ ನಂಬಿ, ಇದಲೀನಾ ಇದ್ಯಾವುದನ್ನೂ ನೋಡಿರಲಿಲ್ಲ. ನಲವತ್ತು ವರ್ಷದ ಮೇಲಾಯಿತು ಅವಳು ಈ ಊರಿಗೆ ಬಂದು. ಮಠದ ಒಳಗೆ ಕಾಲಿಟ್ಟಿಲ್ಲ, ಗೋಪುರ ಹತ್ತಿಲ್ಲ, ಎದುರು ಗುಡ್ಡದ ಕೋಟೆಯ ಗೋಡೆಯನ್ನು ಬಟ್ಟೆ ಒಣಹಾಕುವಾಗ ದೂರದಿಂದ ಕಂಡಿದ್ದಷ್ಟೇ. ಹಿತ್ತಲ ಗಿಡ ಮದ್ದಲ್ಲ. ಮೊದಲು ಬೇರೆಯವರ ಮನೆಗೆಲಸ, ಆಮೇಲೆ ಈ ಬಾಗಿಲು. ಗಂಡ ಜೆಫೆರಿನೊ ಬಂದರಿನಲ್ಲಿ ಮೂಟೆ ಹೊತ್ತು ಬಂದವನು ರಜೆಯ ದಿನ ಮಲಗಿದರೆ ಎಬ್ಬಿಸುವ ಮನಸ್ಸಾಗುತ್ತಿರಲಿಲ್ಲ. ಅವನು ಹೋದ ಮೇಲೆ ಒಬ್ಬಳೇ ಹೋಗಿ ನಿಂತು ನೋಡುವುದಕ್ಕೆ ನಾಚಿಕೆ. ಹೀಗೆ ದಿನ ಹೋಯಿತು. ಆದರೆ ಫೋನಿನಲ್ಲಿ ಅಕ್ಕ, "ನೀನು ನೋಡಿದ್ಯಾ?" ಎಂದು ಮೊದಲ ಸಲ ಕೇಳಿದಾಗ ಬಾಯಿತಪ್ಪಿ "ಹ್ಞೂಂ" ಎಂದುಬಿಟ್ಟಿದ್ದಳು. ಒಮ್ಮೆ ಹ್ಞೂಂ ಎಂದ ಮೇಲೆ ಎಲ್ಲದಕ್ಕೂ ಹ್ಞೂಂ ಎನ್ನಬೇಕಾಯಿತು, ಅತಿಥಿಗಳು ಕಂಡದ್ದೆಲ್ಲ ತಾನೇ ಕಂಡದ್ದಾಯಿತು.

ಆ ಅಕ್ಕನ ಹೆಸರು ಫೆಲಿಸ್ಮಿನಾ. ಇದಲೀನಾಳಿಗಿಂತ ಆರೇಳು ವರ್ಷ ದೊಡ್ಡವಳು. ಮದುವೆ ಮಾಡಿಕೊಳ್ಳಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಳು, ತಾಯಿ ಹೋದ ಮೇಲೆ ಆಡುಗಳನ್ನು ನೋಡಿಕೊಂಡಳು. ವರ್ಷಕ್ಕೊಮ್ಮೆ ತಂಗಿಯೇ ಹಳ್ಳಿಗೆ ಹೋಗಿಬರುತ್ತಿದ್ದಳೇ ಹೊರತು ಅಕ್ಕ ಲಿಸ್ಬನ್ನಿಗೆ ಬಂದಿರಲಿಲ್ಲ. ಅವಳ ಒಂದು ಕಣ್ಣು ಚಿಕ್ಕಂದಿನಲ್ಲೇ ಕೊಯ್ಲಿನ ಕಾಲದಲ್ಲಿ ಗೋಧಿಯ ಕೂಳೆ ಚುಚ್ಚಿ ಹೋಗಿತ್ತು. ಉಳಿದ ಒಂದಕ್ಕೆ ಪೊರೆ ಬಂದು ವರ್ಷಗಳಾಗಿದ್ದವು. "ಇನ್ನೂ ಆಡು ಕಾಣ್ತವೆ" ಎಂದು ಮುಂದೂಡಿ ಮುಂದೂಡಿ, ಈಗ ಆಡನ್ನೂ ಕೂಗಿನ ಮೇಲೆ ಗುರುತಿಸುವ ಹಾಗಾದಾಗ ಡಾಕ್ಟರ ಹತ್ತಿರ ಹೋದಳು. ಪೊರೆ ಕಲ್ಲಾಗಿದೆ, ಒಳಗೆ ನರವೂ ಸೊರಗಿರಬಹುದು, ಲಿಸ್ಬನ್ನಿನಲ್ಲಿ ತೆಗೆಸೋಣ, ಆದರೆ ದೃಷ್ಟಿ ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ, ಇರುವ ಮಸುಕೂ ಹೋಗಬಹುದು ಎಂದರು ಅವರು.

ಫೆಲಿಸ್ಮಿನಾ ಫೋನು ಮಾಡಿ ಹೇಳಿದ್ದು ಇಷ್ಟೇ. "ಮಂಗಳವಾರ ಆಪರೇಷನ್ನು. ಭಾನುವಾರ ಔಷಧಿ ಅಂಗಡಿಯವರ ಕಾರಲ್ಲಿ ಬರ್ತೀನಿ. ಮಧ್ಯೆ ಒಂದು ದಿನ ಇದೆಯಲ್ಲ, ಅಷ್ಟರಲ್ಲಿ ನಿನ್ನ ಊರು ತೋರ್ಸು. ಆಮೇಲೆ ಏನೋ ಎಂತೋ."

ಆ ರಾತ್ರಿ ಇದಲೀನಾಳಿಗೆ ನಿದ್ದೆ ಹತ್ತಲಿಲ್ಲ. ಇರುವುದು ಒಂದು ದಿನ, ಅಕ್ಕನಿಗೆ ಉಳಿದಿರುವುದು ಚೂರು ಬೆಳಕು. ಅದರೊಳಗೆ ತೋರಿಸಬೇಕು. ಏನು ಮೊದಲು, ಏನು ಆಮೇಲೆ, ಎಲ್ಲಿ ಕೂರಿಸಬೇಕು, ಎಲ್ಲಿ ಏನು ತಿನ್ನಿಸಬೇಕು ಎಂದು ಯೋಚಿಸಿದಳು. ಮಧ್ಯೆ ಒಂದು ದಿನ ಅಂದರೆ ಅದು ಯಾವ ವಾರ ಎಂದು ಮಾತ್ರ ಯೋಚಿಸಲಿಲ್ಲ. ಬಂದವರಿಗೆ ಹೇಳುವ ಬುದ್ಧಿ ಬಂದವರದು, ಅದು ತನಗೂ ತಗಲುತ್ತದೆ ಎಂದು ಅವಳಿಗೆ ಹೊಳೆದಿದ್ದರೆ ತಾನೇ? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನವೆಂಬರಿನ ಆ ಬೆಳಿಗ್ಗೆ ಚಳಿಯಲ್ಲೂ ಎಳೆಬಿಸಿಲು ಚೆನ್ನಾಗಿತ್ತು. ಇದಲೀನಾ ಇಸ್ತ್ರಿ ಮಾಡಿದ ಕೋಟು ತೊಟ್ಟು, ಕೈಚೀಲದಲ್ಲಿ ನೀರು, ಕಾಗದದ ಚೀಲ, ಎರಡು ಹೋಳು ನಿಂಬೆಹಣ್ಣು ಇಟ್ಟುಕೊಂಡಳು. ಅಕ್ಕನ ತೋಳು ಹಿಡಿದು ಟ್ರಾಮು ಹತ್ತಿಸಿದಳು. ನಮ್ಮ ಗುಡ್ಡದ ಟ್ರಾಮಿನ ವಿಷಯ ಗೊತ್ತಲ್ಲ, ತಿರುವಿನಲ್ಲಿ ಹಲ್ಲು ಕಡಿಯುತ್ತದೆ, ಇಳಿಜಾರಿನಲ್ಲಿ ಕರುಳು ಬಾಯಿಗೆ ತರುತ್ತದೆ. ಮೊದಲ ತಿರುವಿಗೇ ಇದಲೀನಾ ನಿಂಬೆಹೋಳು ತೆಗೆದು ಅಕ್ಕನ ಮೂಗಿನ ಹತ್ತಿರ ಹಿಡಿದಳು.

"ಏನೇ ಇದು?"

"ಮೂಸ್ತಾ ಇರು. ತಡೆಯಕ್ಕಾಗ್ದೇ ಇದ್ರೆ ಹೇಳು, ಚೀಲ ಇದೆ."

"ಯಾಕೆ?"

"ವಾಂತಿ ಬಂದ್ರೆ ಅಂತ. ನಿಂಗೆ ಬಸ್ಸು ಗಿಸ್ಸು ಆಗಲ್ವಲ್ಲಕ್ಕಾ."

ಫೆಲಿಸ್ಮಿನಾ ಕಿಟಕಿಯ ಬಿಸಿಲಿಗೆ ಮುಖ ಒಡ್ಡಿ ಹಾಯಾಗಿ ಕೂತಿದ್ದಳು. ಟ್ರಾಮು ಕುಲುಕಿದಂತೆಲ್ಲ ತೊಟ್ಟಿಲಿನಲ್ಲಿದ್ದವಳ ಹಾಗೆ ತೂಗುತ್ತಿದ್ದಳು. "ನಂಗೆ ಯಾವತ್ತು ಬಸ್ಸಲ್ಲಿ ವಾಂತಿ ಬಂತು?" ಎಂದವಳು ತಟ್ಟನೆ ನಿಲ್ಲಿಸಿದಳು. "ಓ, ಅದಾ" ಎಂದು ನಕ್ಕು ಮುಖ ಆಚೆ ತಿರುಗಿಸಿಕೊಂಡಳು.

ಇದಲೀನಾಳ ಕೈಯಲ್ಲಿ ನಿಂಬೆಹೋಳು ಹಾಗೇ ಉಳಿಯಿತು. ಆ ಕಾಲದಲ್ಲಿ ಲಿಸ್ಬನ್ನಿನ ಮನೆಗೆಲಸಕ್ಕೆ ಹೋಗಬೇಕೆಂದು ಮೊದಲು ನಿಶ್ಚಯವಾಗಿದ್ದವಳು ಫೆಲಿಸ್ಮಿನಾ. ಇಬ್ಬರಲ್ಲಿ ಒಬ್ಬಳು ಹೋಗಲಿ, ಒಬ್ಬಳು ತಾಯಿಯ ಹತ್ತಿರ ಇರಲಿ ಎಂದು ಅಪ್ಪ ಹೇಳಿದ್ದ. ಹೋಗುವವಳ ಹೊಸ ಅಂಗಿ ಗೂಟಕ್ಕೆ ನೇತುಹಾಕಿತ್ತು. ಇದಲೀನಾ ಅದನ್ನು ನೋಡಿ ನೋಡಿ ಮೂಲೆಯಲ್ಲಿ ಅಳುತ್ತಿದ್ದಳು. ಹೊರಡುವ ಹಿಂದಿನ ದಿನ ಅಕ್ಕ, "ನಂಗೆ ಬಸ್ಸು ಆಗಲ್ಲಪ್ಪಾ, ಕೂತ್ರೆ ಕರುಳು ಕಿತ್ತು ಬರುತ್ತೆ. ಅವಳೇ ಹೋಗ್ಲಿ" ಎಂದಳು. ಅಂಗಿಯ ತೋಳು ಮಡಿಸಿ ಹೊಲಿದು ಕೊಟ್ಟಳು. ತಂಗಿ ಬಸ್ಸು ಹತ್ತಿದಳು. ಇಷ್ಟು ವರ್ಷ ಅದನ್ನು ಹೊಟ್ಟೆಯ ತೊಂದರೆ ಎಂದೇ ನಂಬಿಕೊಂಡು ಬಂದಿದ್ದಳು.

ಇದಲೀನಾಳ ಕಣ್ಣು ತುಂಬಿತು. ಎದುರಿಗೆ ಕೂತ ಹೆಂಗಸು ನೋಡುತ್ತಿದ್ದುದರಿಂದ ನಿಂಬೆರಸ ಕಣ್ಣಿಗೆ ಹಾರಿತು ಎಂಬಂತೆ ಮುಖ ಒರೆಸಿಕೊಂಡಳು.

ಗುಡ್ಡ ಇಳಿದು, ಇನ್ನೊಂದು ಟ್ರಾಮು ಹಿಡಿದು, ನದಿಯ ದಡಕ್ಕೇ ಸಾಗಿ ಬೆಲೆಮ್ ಮುಟ್ಟಿದರು. ಮಠದ ಉದ್ದ ಗೋಡೆ ಬಿಸಿಲಿಗೆ ಬೆಳ್ಳಗೆ ನಿಂತಿತ್ತು. ಇಷ್ಟು ಉದ್ದ ಇದೆ ಎಂದು ಇದಲೀನಾಳಿಗೆ ಯಾವ ಅತಿಥಿಯೂ ಹೇಳಿರಲಿಲ್ಲ. ಬಾಗಿಲು ಎಲ್ಲಿ ಎಂದು ಆಚೆ ನೋಡಿದಳು, ಈಚೆ ನೋಡಿದಳು. ಅಕ್ಕನನ್ನು ಈ ತುದಿಯಿಂದ ಆ ತುದಿಗೆ ನಡೆಸಿದಳು.

"ಒಳಗೆ ಕಂಬಗಳು ಇದಾವೆ ನೋಡು ಅಕ್ಕಾ, ತಾಳೆಮರದ ಹಾಗೆ."

"ಒಳಗೆ ಯಾವಾಗ ಹೋಗ್ತೀವಿ?"

"ಅದೋ ಅಲ್ಲೇ ಬಾಗಿಲು."

"ಎಲ್ಲಿ? ನಂಗೀಗ ಅಲ್ಲಿ ಅನ್ನೋದೇ ಉಳಿದಿಲ್ಲ ಕಣೇ ಲೀನಾ, ಬರೀ ಇಲ್ಲಿ ಅನ್ನೋದು ಮಾತ್ರ" ಎಂದು ಫೆಲಿಸ್ಮಿನಾ ಕೈ ಚಾಚಿ ಗೋಡೆ ಮುಟ್ಟಿದಳು. "ಬೆಚ್ಚಗಿದೆ."

ಇದಲೀನಾ ಹೆದರಿದಳು. ಅಕ್ಕನ ಕಣ್ಣು ಇಷ್ಟರ ಮಟ್ಟಿಗೆ ಹೋಗಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಬೇಗ ಒಳಗೆ ಕರೆದುಕೊಂಡು ಹೋಗಬೇಕು ಎಂದು ಎದುರಿಗೆ ಗಾಡಿ ನಿಲ್ಲಿಸಿಕೊಂಡು ಚೆಸ್ಟ್‌ನಟ್ ಕಾಯಿ ಸುಡುತ್ತಿದ್ದವನ ಹತ್ತಿರ ಓಡಿದಳು. ಬೂದಿ ಮೆತ್ತಿದ ಕೈಯ, ತುಂಬು ಮೀಸೆಯ ಮನುಷ್ಯ.

"ಯಜಮಾನ್ರೇ, ಮಠದ ಒಳಗೆ ಹೋಗೋ ಬಾಗಿಲು ಯಾವ ಕಡೆ?"

ಅವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ಇಸ್ತ್ರಿ ಕೋಟು, ಅಕ್ಕನ ಹಳ್ಳಿ ಶಾಲು, ಉಬ್ಬಿದ ಕೈಚೀಲ. "ಮೊದಲನೇ ಸಲಾನಾ ಅಮ್ಮಾ ಲಿಸ್ಬನ್ನಿಗೆ?"

ಇದಲೀನಾ ಕೈಚೀಲವನ್ನು ಕೋಟಿನ ಹಿಂದಕ್ಕೆ ಸರಿಸಿಕೊಂಡಳು.

"ಇವತ್ತು ಸೋಮವಾರ" ಎಂದ ಅವನು, ಮಗುವಿಗೆ ಹೇಳುವ ಹಾಗೆ. "ಸೋಮವಾರ ಮಠಾನೂ ಇಲ್ಲ, ಗೋಪುರಾನೂ ಇಲ್ಲ. ಹೊಸಬರೆಲ್ಲ ಇದೇ ತಪ್ಪು ಮಾಡ್ತಾರೆ. ನೀವು ಇಳ್ಕೊಂಡಿರೋ ಮನೆಯವರು ಹೇಳಲಿಲ್ವಾ? ಅಷ್ಟೂ ಹೇಳ್ದೇ ಬೀಗದ ಕೈ ಕೊಟ್ಬಿಡ್ತಾರೆ ನೋಡಿ, ಎಂಥಾ ಜನ."

ಹೀಗೆ ಮಾತಿನ ಪೆಟ್ಟು ತಿಂದು ಇದಲೀನಾ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದಳು. ತನ್ನ ಬಾಯಿಪಾಠ ತನ್ನ ಮುಖಕ್ಕೇ ಬಂದು ಬಡಿದಿತ್ತು. ಇದ್ದ ಒಂದು ದಿನವೂ ಹೋಯಿತು. ನಾಳೆ ಅಕ್ಕನ ಕಣ್ಣಿಗೆ ಏನಾಗುತ್ತದೋ, ಇವತ್ತು ತೋರಿಸಿದ್ದು ಮುಚ್ಚಿದ ಬಾಗಿಲು.

ಫೆಲಿಸ್ಮಿನಾ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. "ಲೀನಾ, ನೀನು ಇಲ್ಲಿಗೆ ಬಂದಿದ್ಯಾ ಮುಂಚೆ?"

ಈ ಸಲ ಹ್ಞೂಂ ಎನ್ನುವುದಕ್ಕಾಗಲಿಲ್ಲ. ತಲೆ ಆಡಿಸಿದಳು, ಅಕ್ಕನಿಗೆ ಕಾಣಲಾರದು ಎಂದು ನೆನಪಾಗಿ, "ಇಲ್ಲ" ಎಂದಳು.

"ಗೋಪುರ?"

"ಇಲ್ಲ."

"ಕೋಟೆ?"

"ಕೋಟೇನೂ ಇಲ್ಲ ಅಕ್ಕಾ. ಎಲ್ಲಾ ಬಂದವರು ಹೇಳಿದ್ದು. ನಿಂಗೆ ಸುಳ್ಳು ಹೇಳ್ದೆ."

ಫೆಲಿಸ್ಮಿನಾ ಶಾಲನ್ನು ಮುಖಕ್ಕೆ ಎಳೆದುಕೊಂಡಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಇದಲೀನಾ ಗಾಬರಿಯಾದಳು, ನೋಡಿದರೆ ನಗು. ಶಾಲು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಅಯ್ಯೋ ನನ್ನ ತಾಯೀ. ಗಾಳಿಗೆ ಟೋಪಿ ಹೋಯ್ತು ಅಂದ್ಯಲ್ಲೇ. ನಿಂಗೆ ಟೋಪಿ ಯಾವಾಗ ಬಂತು ಅಂತ ನಾನು ವಾರವೆಲ್ಲ ಯೋಚ್ನೆ ಮಾಡಿದ್ದೆ."

ಇದಲೀನಾಳಿಗೂ ತಡೆಯಲಾಗದೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು.

"ಬೇಜಾರಾಗಲಿಲ್ವಾ ನಿಂಗೆ?"

"ಯಾಕೆ ಬೇಜಾರು? ನೀನೆಲ್ಲಾ ನೋಡಿ ಮುಗಿಸಿ ಕೂತಿದೀಯ, ನಾನು ಕೊನೆಗೆ ಕುರುಡಾಗೋ ಹೊತ್ತಿಗೆ ಬಂದೆ ಅಂತ ಹೊಟ್ಟೇಲಿ ಒಂದು ಸಂಕಟ ಇತ್ತು. ಈಗ ಇಬ್ಬರಿಗೂ ಮೊದಲನೇ ಸಲ. ಒಳ್ಳೇದಾಯ್ತು ಬಿಡು."

ಚೆಸ್ಟ್‌ನಟ್‌ನವನಿಗೆ ಏನು ಅನ್ನಿಸಿತೋ, ಎರಡು ಕಾಗದದ ಸುರುಳಿಯಲ್ಲಿ ಬಿಸಿ ಕಾಯಿ ತುಂಬಿ ತಂದು ಇಬ್ಬರ ಮಡಿಲಿಗೂ ಹಾಕಿದ. "ನದಿಗೆ ಸೋಮವಾರ ರಜಾ ಇಲ್ಲಮ್ಮಾ, ಅಲ್ಲಿಗಾದ್ರೂ ಹೋಗಿ" ಎಂದು ದಾರಿ ತೋರಿಸಿದ. ಇದಲೀನಾ ಎದ್ದು ನಿಂತು ಅವನ ಬೂದಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಉಪಕಾರ ಹೇಳಿದಳು.

ತೇಜೊ ನದಿ ಅಲ್ಲಿ ಸಮುದ್ರದಷ್ಟೇ ಅಗಲ. ಮೆಟ್ಟಿಲ ಮೇಲೆ ಇಬ್ಬರೂ ಕೂತು, ಬೆರಳು ಸುಟ್ಟುಕೊಳ್ಳುತ್ತಾ ಸಿಪ್ಪೆ ಸುಲಿದರು. ಇದಲೀನಾ ಅಭ್ಯಾಸಬಲದಿಂದ ಶುರುಮಾಡಿದಳು. "ಅಗೋ ಗೋಪುರ, ಹಳೇ ಕಾಲದಲ್ಲಿ ಹಡಗು ಕಾಯೋಕೆ ಕಟ್ಟಿದ್ದಂತೆ..."

"ಅಂತೆ ಬೇಡ" ಎಂದಳು ಫೆಲಿಸ್ಮಿನಾ. "ಅಂತೆ ಎಲ್ಲಾ ಫೋನಲ್ಲಿ ಕೇಳಾಯ್ತು. ನಿನ್ನ ಕಣ್ಣಿಗೆ ಈಗ ಏನು ಕಾಣ್ತಿದೆ, ಅದು ಹೇಳು."

ಇದಲೀನಾ ನದಿಯ ಕಡೆ ತಿರುಗಿದಳು. ಬೇರೆಯವರು ನೋಡಿದ್ದನ್ನು ಹೇಳಿ ಹೇಳಿ, ತನ್ನ ಕಣ್ಣನ್ನು ಕೆಲಸಕ್ಕೆ ಹಚ್ಚುವುದೇ ಮರೆತುಹೋಗಿತ್ತು. ಆಮೇಲೆ ತಡವರಿಸುತ್ತಾ ಹೊರಟಳು. "ನೀರು ಹಸಿರೂ ಅಲ್ಲ, ಬೂದೀನೂ ಅಲ್ಲ. ಪಾತ್ರೆ ತೊಳೆದ ನೀರಿನ ಹಾಗಿದೆ. ಬಿಸಿಲು ಬಿದ್ದ ಕಡೆ ಮಾತ್ರ ಚೆಂದ. ಒಬ್ಬಳು ಶೂ ಬಿಚ್ಚಿ ಕಾಲು ಇಳಿಬಿಟ್ಟಿದಾಳೆ, ಕಾಲಿಗೆ ಬೊಬ್ಬೆ ಬಂದಿದೆ ಪಾಪ, ಯಾರೋ ದೂರ ಸರಿಯಾಗಿ ಹೇಳಿಲ್ಲ ಅವಳಿಗೆ. ಒಂದು ದೋಣಿ ಆಚೆ ದಡಕ್ಕೆ ಹೋಗ್ತಿದೆ, ಅದರ ಹಿಂದೆ ಹಕ್ಕಿಗಳು. ಕಲ್ಲಿನ ಮೇಲೆ ಒಬ್ಬ ಮುದುಕ ಗಾಳ ಹಾಕ್ಕೊಂಡು ನಿದ್ದೆ ಹೋಗಿದಾನೆ. ಗಾಳದ ಕೋಲು ಅಲ್ಲಾಡ್ತಿದೆ. ಎಬ್ಬಿಸ್ಲಾ?"

"ಬಿಡು, ಮೀನು ಬದುಕ್ಕೊಳ್ಲಿ" ಎಂದಳು ಫೆಲಿಸ್ಮಿನಾ ಕಣ್ಣು ಮುಚ್ಚಿಕೊಂಡೇ. "ಹ್ಞೂಂ, ಮುಂದೆ ಹೇಳು."

ಬಿಸಿಲು ಇಳಿಯುವವರೆಗೂ ಹೇಳಿದಳು. ಆಮೇಲೆ ಅಕ್ಕನ ಕೈ ಹಿಡಿದಳು. "ಅಕ್ಕಾ, ಆ ಬಸ್ಸಿನ ವಿಷಯ..."

"ಬೇಡ. ಇವತ್ತು ಬೇಡ. ಕತ್ತರಿ ಕೆಳಗೆ ಹೋಗೋ ಹಿಂದಿನ ದಿನ ಇಂಥಾ ಮಾತು ಆಡಿದ್ರೆ ಬೀಳ್ಕೊಟ್ಟ ಹಾಗಿರುತ್ತೆ. ಕಾಯಿ ತಿನ್ನು, ಇನ್ನೂ ಉಳಿದಿವೆ."

ಮಂಗಳವಾರ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಇದಲೀನಾಳನ್ನು ಒಳಗೆ ಕರೆದರು. ನರ್ಸಮ್ಮ ಹನಿ ಹಾಕಿ, "ಕಣ್ಣು ಮುಟ್ಟಬೇಡಿ, ನೀರು ಬಂದ್ರೂ ಒರೆಸ್ಕೋಬೇಡಿ. ನಿಧಾನವಾಗಿ ಮೊದಲು ಹತ್ತಿರ ಇರೋದನ್ನ ನೋಡಿ" ಎಂದಳು.

ಹತ್ತಿರ ಇದ್ದದ್ದು ಇದಲೀನಾ. ಕುರ್ಚಿಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಫೆಲಿಸ್ಮಿನಾ ಎವೆ ಬಡಿದಳು. ಮತ್ತೆ ಬಡಿದಳು. ಕಣ್ಣು ತಂಗಿಯ ಮುಖದ ಮೇಲೆ ನಿಂತಿತು, ಹಣೆಯಿಂದ ಗಲ್ಲಕ್ಕೆ ಇಳಿಯಿತು, ಅಲ್ಲಿಂದ ಮಡಿಲಲ್ಲಿದ್ದ ಒರಟು ಕೈಗಳಿಗೆ ಬಂತು.

"ಕಾಣುತ್ತಾ ಅಕ್ಕಾ? ಏನಾದ್ರೂ ಹೇಳೇ."

"ನಿನ್ನ ತಲೆಯೆಲ್ಲ ಬೆಳ್ಳಗಾಗಿದೆ."

ಇದಲೀನಾಳ ಎದೆಯ ಮೇಲಿನ ಬಂಡೆ ಇಳಿಯಿತು. "ಆಗಿ ಎಷ್ಟೋ ವರ್ಷ ಆಯ್ತು" ಎಂದಳು ನಗುತ್ತಾ.

ಅಕ್ಕ ನಗಲಿಲ್ಲ. "ನಂಗೆ ಕಾಣ್ತಾನೇ ಇರಲಿಲ್ಲ. ಎಷ್ಟು ಸವೆದು ಹೋಗಿದೀಯೇ. ನೀನು ಇಲ್ಲಿ ಸುಖವಾಗಿ ಊರೆಲ್ಲಾ ನೋಡ್ಕೊಂಡು ಓಡಾಡ್ತಿದೀಯ ಅಂತ ನಾನು ಅಲ್ಲಿ ನೆಮ್ಮದಿಯಾಗಿದ್ದೆ. ಅದಕ್ಕೇ ತಾನೇ ಕಳಿಸಿದ್ದು."

"ಸುಖವಾಗೇ ಇದೀನಕ್ಕಾ" ಎಂದಳು ಇದಲೀನಾ. "ಹೊಟ್ಟೆ ತುಂಬ ಉಂಡಿದೀನಿ, ನನ್ನ ಜೆಫೆರಿನೊ ಸಿಕ್ಕಿದ, ದಿನಾ ಬೆಳಗಾದ್ರೆ ಬಾಗಿಲಿಗೆ ಜನ ಬರ್ತಾರೆ. ಎಲ್ಲಾ ನಿಂಗೆ ಬರಬೇಕಾಗಿದ್ದು. ನೀನು ಬಿಟ್ಟುಕೊಟ್ಟೆ, ನಾನು ತಿಂದೆ. ಒಂದು ಸಲಾನೂ ನಿಂಗೆ ಉಪಕಾರ ಆಯ್ತು ಅಂತ ಹೇಳ್ಲಿಲ್ಲ." ತಲೆ ತಗ್ಗಿಸಿ ಅತ್ತಳು.

ಫೆಲಿಸ್ಮಿನಾಳ ಕಣ್ಣಿನಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ನರ್ಸಮ್ಮ ಹೇಳಿದ್ದಳಲ್ಲ, ತನ್ನ ಕಣ್ಣನ್ನು ಅವಳು ಮುಟ್ಟಲಿಲ್ಲ. ದಿಂಬಿನ ಕೆಳಗಿಂದ ಕರವಸ್ತ್ರ ತೆಗೆದು, ತಂಗಿಯ ಗಲ್ಲ ಹಿಡಿದೆತ್ತಿ, ಅವಳ ಕಣ್ಣು ಒರೆಸಿದಳು.